117ಕ್ಕೆ ಬಂದ ಕಾಗದ

ಮಾರ್ಚ್ 2, ಸೋಮವಾರ

ಮಾನವ ಸಂಪನ್ಮೂಲದ ಕೆಲಸದಲ್ಲಿ ಮೇಲೆ ಬರಬೇಕು ಅನ್ನುವವರು ದಿನಚರಿ ಬರೆಯಬೇಕಂತೆ. ನಾನು ಅಂಚೆಯಲ್ಲಿ ತರಿಸಿಕೊಂಡು ಓದಿದ ಡಿಪ್ಲೊಮಾದ ಹನ್ನೊಂದನೇ ಪಾಠದಲ್ಲಿ ಹಾಗೆ ಹೇಳಿದೆ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗುತ್ತ ಬಂತು, ಶುರು ಮಾಡಿದ್ದು ಇವತ್ತು. ತಡವಾಯಿತು ಅನ್ನುವವರು ನನ್ನ ಮೇಜಿನ ಮೇಲಿನ ಕಾಗದದ ರಾಶಿಯನ್ನು ನೋಡಿಲ್ಲ.

ನಮ್ಮದು ಬೀಗ ಮಾಡುವ ಕಾರ್ಖಾನೆ. ಸುಮಾರು ಇನ್ನೂರು ಜನ ಕೆಲಸ ಮಾಡುತ್ತಾರೆ. ಮಾನವ ಸಂಪನ್ಮೂಲ ವಿಭಾಗವೆಂದರೆ ನಾನು, ಒಂದು ಕಬ್ಬಿಣದ ಬೀರು, ಮತ್ತು ಬೇರೆಯವರಿಗೆ ಬೇಡವಾದ ಹೊತ್ತಿನಲ್ಲಿ ಅಟೆಂಡರ್ ತಾತ. ಊರಿಗೆಲ್ಲ ಬೀಗ ಕೊಡುವ ಕಂಪನಿಯಲ್ಲಿ ನನ್ನ ಬೀರುವಿಗೆ ಮಾತ್ರ ಬೀಗವಿಲ್ಲ. ಅರ್ಜಿ ಹಾಕಿದ್ದೇನೆ.

ಬಂದ ಮೇಲೆ ನಾನು ಮಾಡಿದ ಮೊದಲ ಸುಧಾರಣೆ, ಕಡತಗಳಲ್ಲಿ, ಪತ್ರಗಳಲ್ಲಿ ಹೆಸರು ತೆಗೆದುಹಾಕಿದ್ದು. ಇನ್ನು ಮುಂದೆ ಎಲ್ಲವೂ ಉದ್ಯೋಗಿ ಸಂಖ್ಯೆ. ಗೌಪ್ಯತೆಗೆ ಗೌಪ್ಯತೆ, ಆಧುನಿಕತೆಗೆ ಆಧುನಿಕತೆ. ತಾತ ಮಾತ್ರ ಮೂಗು ಮುರಿದರು. "ಮೇಡಂ, ನಾನು ಮೂವತ್ತು ವರ್ಷದಿಂದ ಮುಖ ನೋಡಿ ಕಾಗದ ಹಂಚ್ತಿದೀನಿ. ನಂಬರ್ ನೋಡಿ ಹಂಚೋಕೆ ನಾನೇನು ಪೋಸ್ಟ್ ಬಾಕ್ಸಾ?" ಅಂದರು. ಬದಲಾವಣೆಗೆ ವಿರೋಧ ಸಹಜ ಅಂತ ಏಳನೇ ಪಾಠದಲ್ಲಿದೆ. ಈ ದಿನಚರಿಯಲ್ಲೂ ನಾನು ಯಾರ ಹೆಸರನ್ನೂ ಬರೆಯುವುದಿಲ್ಲ. ವೃತ್ತಿಧರ್ಮ ಅಂದಮೇಲೆ ಮನೆಯಲ್ಲೊಂದು ಕಚೇರಿಯಲ್ಲೊಂದು ಇರಬಾರದು.

ಮೇ 10ಕ್ಕೆ ನನ್ನ ಪ್ರೊಬೇಷನ್‌ನ ಆರು ತಿಂಗಳು ಮುಗಿಯುತ್ತದೆ. ಅಷ್ಟರೊಳಗೆ ಕೆಲಸ ಖಾಯಂ ಆಗಬೇಕು. ಆಗದಿದ್ದರೆ ನಾನು ಸೋದರಮಾವನ ಪಾತ್ರೆ ಅಂಗಡಿಯಲ್ಲಿ ಕೂರಬೇಕೆಂದು ಅಮ್ಮ ಅವರಿಗೆ ಮಾತು ಕೊಟ್ಟುಬಿಟ್ಟಿದ್ದಾಳೆ. ನನ್ನನ್ನು ಕೇಳಿ ಕೊಟ್ಟ ಮಾತಲ್ಲ.

ಮಾರ್ಚ್ 9, ಸೋಮವಾರ

ಮ್ಯಾನೇಜರ್ ಸರ್ ಕರೆದರು. ಅವರು ಮಾತಾಡುವಾಗ ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತಲೇ ಇರುತ್ತಾರೆ. ಮುಚ್ಚಳ ಕೆಳಗೆ ಬಿದ್ದರೆ ಮಾತು ಅಲ್ಲಿಗೆ ನಿಲ್ಲುತ್ತದೆ.

"ನೋಡಮ್ಮ, ಈ ವರ್ಷದಿಂದ ಒಬ್ಬರಿಗೆ ಮೆಚ್ಚುಗೆ ಪತ್ರ, ಒಬ್ಬರಿಗೆ ಎಚ್ಚರಿಕೆ ಪತ್ರ ಕೊಡಬೇಕಂತೆ. ಹೆಡ್ ಆಫೀಸಿಂದ ಹೇಳಿದಾರೆ. ಮೆಚ್ಚುಗೆ ಆ ಕೀಲಿ ಪರೀಕ್ಷೆ ಮಾಡೋ ಹೆಂಗಸಿಗೆ ಬರಿ. ಹತ್ತೊಂಬತ್ತು ವರ್ಷದಲ್ಲಿ ಅವಳ ಟೇಬಲ್‌ನಿಂದ ಒಂದು ತಕರಾರು ಬಂದಿಲ್ಲ."

"ಎಚ್ಚರಿಕೆ ಯಾರಿಗೆ ಸರ್?"

"ಇನ್ಯಾರಿಗೆ, ಗೋದಾಮಿನ ಮಹಾನುಭಾವನಿಗೆ. ಶನಿವಾರ ರಟ್ಟಿನ ಪೆಟ್ಟಿಗೆ ಒಳಗೇ ಮಲಗಿದ್ದ. ಇನ್ನೊಂದು ನಿಮಿಷ ಬಿಟ್ಟಿದ್ರೆ ಟೇಪ್ ಹಚ್ಚಿ ಲಾರಿಗೆ ಹಾಕ್ತಿದ್ರು. ಆದ್ರೆ ಪತ್ರದಲ್ಲಿ ನಿದ್ದೆ ಗಿದ್ದೆ ಅಂತೆಲ್ಲ ಬರೀಬೇಡ. ಹೆಡ್ ಆಫೀಸ್‌ನವರು ನಾನೇನು ನೋಡ್ಕೋತಿದೀನಿ ಅಂತ ಕೇಳ್ತಾರೆ."

ಕೀಲಿಯವರು 117, ಗೋದಾಮಿನವರು 171. ಮಧ್ಯಾಹ್ನವೆಲ್ಲ ಕೂತು ಎರಡೂ ಪತ್ರ ಬರೆದೆ. ಎಚ್ಚರಿಕೆ ಪತ್ರ ಹೀಗಿದೆ: "ತಮ್ಮ ಕೆಲಸದ ರೀತಿಯು ಕಂಪನಿಯ ನಿಯಮಗಳಿಗೆ ಅನುಗುಣವಾಗಿಲ್ಲವೆಂಬುದು ಗಮನಕ್ಕೆ ಬಂದಿದೆ. ಇನ್ನು ಮುಂದೆ ನಿಯಮದಲ್ಲಿ ಹೇಳಿದಷ್ಟನ್ನು, ಹೇಳಿದಂತೆಯೇ ಮಾಡತಕ್ಕದ್ದು." ನಿದ್ದೆ ಎಂಬ ಪದವನ್ನೇ ಬಳಸದೆ ನಿದ್ದೆಯನ್ನು ಖಂಡಿಸಿದ್ದೇನೆ. ಮೆಚ್ಚುಗೆ ಪತ್ರದಲ್ಲಂತೂ ಕೈಬಿಚ್ಚಿ ಹೊಗಳಿದೆ. "ತಮ್ಮ ಶ್ರದ್ಧೆಯು ಮಹಿಳಾ ಸಿಬ್ಬಂದಿಗೆಲ್ಲ ಮಾದರಿ" ಎಂಬ ಸಾಲು ಬರೆದಾಗ ನನಗೇ ಕಣ್ಣು ತುಂಬಿತು.

ಸರ್ ಫೋನಿನಲ್ಲಿ ಮಾತಾಡುತ್ತಲೇ ಎರಡಕ್ಕೂ ಸಹಿ ಹಾಕಿದರು. ಲಕೋಟೆಯ ಮೇಲೂ ಪತ್ರದ ಮೇಲೂ ಬರೀ ಸಂಖ್ಯೆ. ನೋಡಲು ಎಷ್ಟು ಚೆಂದ.

ಮಾರ್ಚ್ 11, ಬುಧವಾರ

ಪತ್ರ ತಲುಪಿದೆ, ಪರಿಣಾಮವೂ ಕಾಣಿಸಿದೆ!

ಬೆಳಗ್ಗೆ 171 ಬಾಗಿಲಲ್ಲಿ ನಿಂತಿದ್ದರು. ಆಳೆತ್ತರದ ಮನುಷ್ಯ, ಮುಖದ ಮೇಲೆ ಸದಾ ಒಂದು ಆಕಳಿಕೆ ತಯಾರಿರುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಅವರನ್ನು ಆಕಳಿಕೆ ಅಣ್ಣ ಅನ್ನುತ್ತಾರಂತೆ. ನಾನು ಅನ್ನುವುದಿಲ್ಲ.

"ಮೇಡಂ, ಪತ್ರ ಓದಿದೆ. ನನ್ನ ಹೆಂಡತೀನೂ ಓದಿದ್ಲು. ಇನ್ಮೇಲೆ ನೋಡಿ ನೀವು," ಅಂದರು. ಎಚ್ಚರಿಕೆ ಪತ್ರವನ್ನು ಹೆಂಡತಿಗೆ ತೋರಿಸುವ ಎದೆಗಾರಿಕೆ ಎಷ್ಟು ಜನಕ್ಕಿದೆ? ಮೆಚ್ಚಿದೆ.

ಊಟದ ಹೊತ್ತಿಗೆ 117 ಬಂದರು. ಸಣ್ಣ ಆಕೃತಿ, ನಲವತ್ತೆಂಟು ವಯಸ್ಸು, ಬೆರಳ ತುದಿಯೆಲ್ಲ ಹಿತ್ತಾಳೆಯ ಕಪ್ಪು. ಕೂರಲು ಹೇಳಿದರೂ ಕೂರಲಿಲ್ಲ.

"ಮೇಡಂ, ನಿಯಮದ ಪುಸ್ತಕ ಅಂತ ಇದೆಯಂತಲ್ಲ, ಒಂದು ಸಿಗುತ್ತಾ?"

ಕೊಟ್ಟೆ. ಅಲ್ಲೇ ನಿಂತು ಬೆರಳಿಟ್ಟು ಓದಿದರು. "ಹತ್ತು ಬೀಗಕ್ಕೆ ಒಂದು ಪರೀಕ್ಷೆ ಮಾಡಬೇಕು ಅಂತಿದೆ. ಹಾಗೇ ಮಾಡ್ಲಾ?"

"ನಿಯಮದಲ್ಲಿ ಇದ್ದ ಹಾಗೆ ಮಾಡಿ," ಅಂದೆ. ಇಷ್ಟು ಹೊಗಳಿಸಿಕೊಂಡ ಮೇಲೂ ನಿಯಮ ಕಲಿಯುವ ಹಂಬಲ! ವಿನಯ ಅಂದರೆ ಇದು. ಒಂದು ಮುಗುಳ್ನಗೆಯಾದರೂ ನಗಬಹುದಿತ್ತು, ಆದರೆ ಎಲ್ಲರ ಸ್ವಭಾವ ಒಂದೇ ಇರುವುದಿಲ್ಲ.

ಮಾರ್ಚ್ 22, ಭಾನುವಾರ

ಮಾವ ಬಂದಿದ್ದರು. ಪ್ರತಿ ಭಾನುವಾರ ಬಂದು ನನ್ನ ಕೆಲಸದ ಆಯುಸ್ಸು ಎಷ್ಟು ಉಳಿದಿದೆ ಅಂತ ಎಣಿಸಿ, ಚಹಾ ಕುಡಿದು ಹೋಗುತ್ತಾರೆ.

"ಅಲ್ವೇ, ದಿನವಿಡೀ ಏನ್ ಮಾಡ್ತೀಯ ನೀನಲ್ಲಿ?"

"ಜನರನ್ನ ನೋಡ್ಕೋತೀನಿ ಮಾವ."

"ಅದಕ್ಕೊಂದು ಪರೀಕ್ಷೆ ಬೇರೆ ಬರೀಬೇಕಾ? ನನ್ನ ಅಂಗಡೀಲಿ ಮುದುಕ ಇಲ್ವಾ, ಇಪ್ಪತ್ತೆರಡು ವರ್ಷದಿಂದ? ಯಾವ ಎಚ್‌ಆರೂ ಇಲ್ಲ, ಗಿಚ್‌ಆರೂ ಇಲ್ಲ. ಏಯ್ ಮುದುಕಾ ಅಂದ್ರೆ ಬರ್ತಾನೆ, ಹೋಗು ಅಂದ್ರೆ ಹೋಗ್ತಾನೆ."

ಅಮ್ಮ ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಅಂಗಡಿಯಲ್ಲಿ ಕೂತರೆ ನನ್ನನ್ನು ಏನೆಂದು ಕರೆಯುತ್ತಾರೋ.

ಏಪ್ರಿಲ್ 6, ಸೋಮವಾರ

ಗೋದಾಮು ಗುರುತೇ ಸಿಗದಷ್ಟು ಬದಲಾಗಿದೆ. 171 ಎಂಟು ಗಂಟೆಗೇ ಬಂದು ಕಸ ಗುಡಿಸಿ, ಪೆಟ್ಟಿಗೆಗಳನ್ನು ಅಳತೆ ಪ್ರಕಾರ ಜೋಡಿಸಿ, ಚೀಟಿ ಅಂಟಿಸುತ್ತಾರೆ. 117 ಅವರ ಮೇಜಿನ ಕೆಲಸ ಮಧ್ಯಾಹ್ನ ಮೂರಕ್ಕೇ ಮುಗಿಯುತ್ತಿದೆ. ಮೊದಲೆಲ್ಲ ಆರಾದರೂ ಏಳುತ್ತಿರಲಿಲ್ಲವಂತೆ.

"ಏನಮ್ಮ ಮಾಯ ಮಾಡಿದೆ?" ಅಂದರು ಸರ್. ಮುಚ್ಚಳ ಬಿದ್ದರೂ ಮಾತು ನಿಲ್ಲಲಿಲ್ಲ.

"ಎರಡು ಪತ್ರ ಸರ್, ಅಷ್ಟೇ," ಅಂದೆ. ಹೇಳುವಾಗ ಗಲ್ಲ ತುಸು ಮೇಲೆ ಹೋಗಿತ್ತು ಅನ್ನಿಸುತ್ತದೆ. ಮುಂದಿನ ತಿಂಗಳು ಹೆಡ್ ಆಫೀಸ್‌ನಲ್ಲಿ "ಸರಿಯಾದ ಪತ್ರದ ಶಕ್ತಿ" ಎಂಬ ವಿಷಯದ ಮೇಲೆ ನಾನು ಮಾತಾಡಬೇಕಂತೆ. ಖಾಯಂ ಆದ ಹಾಗೇ.

ಏಪ್ರಿಲ್ 7, ಮಂಗಳವಾರ

ಭಾಷಣದ ಮೊದಲ ಸಾಲು ಬರೆದೆ. ಬೀರುವಿನ ಬೀಗ ಇನ್ನೂ ಬಂದಿಲ್ಲ.

ಏಪ್ರಿಲ್ 23, ಗುರುವಾರ

ಬೆಳಗ್ಗೆ ಒಂಬತ್ತಕ್ಕೆ ಒಂದು ವಿದ್ಯಾರ್ಥಿನಿಯರ ಹಾಸ್ಟೆಲ್‌ನಿಂದ ಫೋನ್. ವಾರ್ಡನ್‌ರ ಕಿರುಚಾಟಕ್ಕೆ ರಿಸೀವರನ್ನು ಮೊಳ ದೂರ ಹಿಡಿಯಬೇಕಾಯಿತು. ನಮ್ಮಿಂದ ಅರವತ್ತು ಬೀಗ ಕೊಂಡು, ನಿನ್ನೆ ರೂಮು ರೂಮಿಗೂ ಹಂಚಿದ್ದಾರೆ. ಹುಡುಗಿಯರು ಇವತ್ತು ಬೆಳಗ್ಗೆ ಬೀಗ ಒತ್ತಿ ತಿಂಡಿಗೆ ಹೋಗಿದ್ದಾರೆ. ವಾಪಸ್ ಬಂದು ನೋಡಿದರೆ ಐದಾರು ರೂಮು ಬಿಟ್ಟು ಎಲ್ಲೂ ಕೀಲಿ ಹತ್ತುತ್ತಿಲ್ಲ. ಇವತ್ತು ಪರೀಕ್ಷೆ. ಪರೀಕ್ಷೆಯ ಪ್ರವೇಶ ಪತ್ರ ಒಳಗೆ, ಹುಡುಗಿಯರು ಹೊರಗೆ.

ನಮ್ಮ ಫಿಟ್ಟರ್ ಕಟರ್ ತೆಗೆದುಕೊಂಡು ಓಡಿದ. ಹೋಗಿ ನೋಡಿದರೆ ಪ್ರತಿ ಹತ್ತನೆಯ ಬೀಗವಷ್ಟೇ ಸರಿ, ನಡುವಿನ ಒಂಬತ್ತರ ಕೀಲಿಗಳು ಒಂದೊಂದು ಸ್ಥಾನ ಜಾರಿವೆ. ಒಂದೊಂದಕ್ಕೂ ಪಕ್ಕದ ಬೀಗದ ಕೀಲಿ. ಎಲ್ಲರೂ ಪರೀಕ್ಷೆಗೆ ಹೋಗಿ ಮುಟ್ಟಿದರು ಅನ್ನುವುದೊಂದೇ ಸಮಾಧಾನ.

ಸರ್ ಕೆಂಡವಾಗಿದ್ದರು. "ಮೆಚ್ಚುಗೆ ಕೊಟ್ಟಿದ್ದೇ ತಪ್ಪಾಯ್ತು, ಅವಳಿಗೆ ತಲೆ ತಿರುಗಿದೆ. ಮೂರು ಗಂಟೆಗೆ ಕೈ ತೊಳ್ಕೊಂಡು ಕೂತ್ರೆ ಇನ್ನೇನಾಗುತ್ತೆ? ಕೆಲಸದಿಂದ ತೆಗೆಯೋ ನೋಟಿಸ್ ರೆಡಿ ಮಾಡು. ಮೇ ನಾಲ್ಕಕ್ಕೆ ನನ್ನ ಟೇಬಲ್ ಮೇಲಿರಬೇಕು."

ನೋಟಿಸ್‌ಗೆ ಹಳೆಯ ಪತ್ರದ ಉಲ್ಲೇಖ ಬೇಕು. 117ರ ಕಡತ ತೆಗೆದೆ. ಮೆಚ್ಚುಗೆ ಪತ್ರದ ನಕಲು ಇರಬೇಕಾದ ಜಾಗದಲ್ಲಿ "ನಿಯಮದಲ್ಲಿ ಹೇಳಿದಷ್ಟನ್ನು, ಹೇಳಿದಂತೆಯೇ" ಎಂದಿತ್ತು. ಮೇಲೆ ಸ್ಪಷ್ಟವಾಗಿ 117. ಕೆಳಗೆ ತಲುಪಿದ್ದಕ್ಕೆ ಸಹಿ. 171ರ ಕಡತವನ್ನು ತೆರೆಯುವ ಅಗತ್ಯವೇ ಇರಲಿಲ್ಲ. ಆದರೂ ತೆರೆದೆ.

ಅಲ್ಲಿ ಮೆಚ್ಚುಗೆ ಪತ್ರವಿತ್ತು. ಅಂಕಿ ತಿರುಗುಮುರುಗು ಮಾಡಿದ್ದು ನಾನು.

ಏಪ್ರಿಲ್ 24, ಶುಕ್ರವಾರ

ಯಾರಿಗೂ ಗೊತ್ತಿಲ್ಲ. ಬೀರುವಿಗೆ ಬೀಗವಿಲ್ಲ, ಎರಡು ನಕಲು ತೆಗೆದು ಹರಿದರೆ ಮುಗಿಯಿತು. ಮೇ 10ಕ್ಕೆ ಹದಿನಾರು ದಿನ.

ಹಸಿವಿಲ್ಲ ಅಂದೆ. ಅಮ್ಮ ಹಣೆ ಮುಟ್ಟಿ ನೋಡಿದಳು.

ಏಪ್ರಿಲ್ 27, ಸೋಮವಾರ

ಮೊದಲು ಗೋದಾಮಿಗೆ ಹೋದೆ. ಸುಲಭದ್ದರಿಂದ ಶುರು ಮಾಡೋಣ ಅಂತ. 171 ಸ್ಟೂಲಿನ ಮೇಲೆ ನಿಂತು ಟ್ಯೂಬ್‌ಲೈಟ್ ಒರೆಸುತ್ತಿದ್ದರು.

"ಅಣ್ಣ, ಆ ಪತ್ರದಲ್ಲಿ ಒಂದು ಸಣ್ಣ ತಪ್ಪಾಗಿದೆ," ಅಂದೆ.

ಅವರು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದರು. "ಗೊತ್ತು ಮೇಡಂ. ಮಹಿಳಾ ಸಿಬ್ಬಂದಿಗೆಲ್ಲ ಮಾದರಿ ಅಂತಿತ್ತು. ನಾನ್ ಯಾವಾಗ ಮಹಿಳೆ ಆದೆ?"

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಲೇ ಅವತ್ತು ನಿಮ್ಮ ಬಾಗಿಲಿಗೆ ಬಂದಿದ್ದು. ಆದ್ರೆ ಅಷ್ಟೊತ್ತಿಗೆ ನನ್ನ ಹೆಂಡತಿ ಅದನ್ನ ಕನ್ನಡಿ ಪಕ್ಕ ತೂಗುಹಾಕಿಬಿಟ್ಟಿದ್ಲು. ಬಂದವರಿಗೆಲ್ಲ ಓದಿ ಹೇಳ್ತಾಳೆ. ಆ ಒಂದು ಸಾಲಿನ ಮೇಲೆ ಮಾತ್ರ ಬೆರಳಿಟ್ಕೋತಾಳೆ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಮೊದಲನೇ ಸಲ ಬೆಳಗ್ಗೆ ಬಿಸಿನೀರು ಕಾಯಿಸಿ ಇಡ್ತಿದಾಳೆ. ಹಂಗಿರುವಾಗ ಮಲಗೋಕೆ ಮನಸ್ಸಾದ್ರೂ ಹೆಂಗ್ ಬರುತ್ತೆ ಹೇಳಿ?" ಹೆಗಲ ಮೇಲಿನ ಬಟ್ಟೆ ತೆಗೆದು ಮಡಚುತ್ತ ಕೇಳಿದರು: "ನನ್ನದು ಯಾರಿಗೆ ಹೋಯ್ತು?"

ಹೇಳಿದೆ. ಆಕಳಿಕೆ ಅಣ್ಣನ ಮುಖದಲ್ಲಿ ಆಕಳಿಕೆ ಇರಲಿಲ್ಲ. "ಅಕ್ಕಂಗಾ? ಛೆ," ಅಂದು ಆ ಸ್ಟೂಲಿನ ಮೇಲೆಯೇ ಕೂತುಬಿಟ್ಟರು.

ಏಪ್ರಿಲ್ 29, ಬುಧವಾರ

ಎರಡು ದಿನ ಅವರ ಮೇಜಿನ ಹತ್ತಿರ ಹೋಗಿ ಹೋಗಿ ವಾಪಸ್ ಬಂದೆ. ಇವತ್ತು ಹೋದವಳು ಎದುರಿನ ಪೆಟ್ಟಿಗೆಯ ಮೇಲೆ ಕೂತೇಬಿಟ್ಟೆ.

ಕೀಲಿ ಅಕ್ಕ ಒಂಬತ್ತು ಬೀಗವನ್ನು ಪಕ್ಕಕ್ಕೆ ಸರಿಸಿ, ಹತ್ತನೆಯದನ್ನು ತೆಗೆದುಕೊಂಡು ಕೀಲಿ ಹಾಕಿ ನೋಡಿ ಇಟ್ಟರು. ಮತ್ತೆ ಒಂಬತ್ತು ಪಕ್ಕಕ್ಕೆ. ಅವರ ಕೈ ಒಂಬತ್ತರ ಮೇಲೂ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು. ನೋಡುವುದಕ್ಕೆ ಸಂಕಟವಾಯಿತು.

"ಮೊದಲೆಲ್ಲ ಎಷ್ಟು ನೋಡ್ತಿದ್ರಿ ಅಕ್ಕ?"

"ಎಲ್ಲ. ಒಂದೊಂದಕ್ಕೆ ಎರಡು ಕೀಲಿ, ಎರಡೂ."

"ನಿಯಮದಲ್ಲಿ ಇಲ್ಲವಲ್ಲ?"

"ನಿಯಮ ಗೊತ್ತಿರಲಿಲ್ಲ ಮೇಡಂ. ಬೀಗ ಕೊಂಡವರು ಅವರ ಬಾಗಿಲ ಮುಂದೆ ಅವರೇ ನಿಲ್ಲಬಾರದು ಅಂತ ನೋಡ್ತಿದ್ದೆ. ಅದು ತಪ್ಪು ಅಂತ ಕಾಗದ ಬಂತು. ನಿಮ್ಮನ್ನ ಕೇಳಿದೆ, ನೀವೂ ಹಾಗೇ ಅಂದ್ರಿ. ಈಗ ಹಾಸ್ಟೆಲಿನ ಮಕ್ಕಳು ಹೊರಗೆ ನಿಂತ್ರಂತೆ." ಅವರ ದನಿ ಗಟ್ಟಿಯಾಗಲಿಲ್ಲ. ಗಟ್ಟಿಯಾಗಿ ಬೈದಿದ್ದರೆ ನನಗೆ ಒಳ್ಳೆಯದಿತ್ತು.

ಎಲ್ಲ ಹೇಳಿದೆ. ಪತ್ರ ಅವರದ್ದಲ್ಲ, ಅವರಿಗೆ ಬರಬೇಕಾದದ್ದು ಕನ್ನಡಿ ಪಕ್ಕ ತೂಗುತ್ತಿದೆ, ಅಂಕಿ ಬದಲಾದದ್ದು ನನ್ನಿಂದ, ಹೆಸರು ತೆಗೆದವಳೂ ನಾನೇ. ಹೇಳುತ್ತ ಹೇಳುತ್ತ ಅಳು ಬಂತು. ಹನ್ನೊಂದು ಪಾಠದಲ್ಲಿ ಒಂದರಲ್ಲೂ ಸಿಬ್ಬಂದಿಯ ಮುಂದೆ ಅಳುವ ವಿಚಾರ ಇಲ್ಲ.

ಅವರು ಕೈಯಲ್ಲಿದ್ದ ಬೀಗವನ್ನು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು: "ಹತ್ತೊಂಬತ್ತು ವರ್ಷದಲ್ಲಿ ಕಂಪನಿಯಿಂದ ನನಗೆ ಅಂತ ಬಂದ ಮೊದಲನೇ ಕಾಗದ ಕಣಮ್ಮ ಅದು. ತಾತ ಲಕೋಟೆ ಕೊಟ್ಟಾಗ ಕೈ ಒರೆಸಿಕೊಂಡು ತಗೊಂಡೆ. ಮನೆಗೆ ಹೋಗಿ ಮಗಳ ಮುಂದೆ ಬಿಚ್ಚೋಣ ಅಂತ ಸಂಜೆವರೆಗೂ ಬಿಚ್ಚಿರಲಿಲ್ಲ."

"ಬಿಚ್ಚಿದ ಮೇಲೆ?"

"ಮಗಳು ಏನಮ್ಮ ಅಂದ್ಲು. ರಜೆ ಪಟ್ಟಿ ಅಂದೆ."

ಅಷ್ಟು ಹೇಳಿ ಮುಂದಿನ ಬೀಗ ತೆಗೆದುಕೊಂಡರು. ಅದು ಹತ್ತನೆಯದಾಗಿರಲಿಲ್ಲ. ಎರಡೂ ಕೀಲಿ ಹಾಕಿ ನೋಡಿದರು. ಆಮೇಲೆ ಅದರ ಪಕ್ಕದ್ದನ್ನು ನನ್ನ ಕೈಗೆ ಕೊಟ್ಟು, "ಸುಮ್ನೆ ಕೂತಿರೋ ಬದ್ಲು ಇದನ್ನ ನೋಡು," ಅಂದರು. ಸಂಜೆವರೆಗೆ ನಲವತ್ತೆರಡು ಬೀಗ ನೋಡಿದೆ. ಬೆರಳ ಕಪ್ಪು ಸೋಪಿಗೂ ಹೋಗುತ್ತಿಲ್ಲ.

ಮೇ 4, ಸೋಮವಾರ

ನೋಟಿಸ್‌ನ ಬದಲು ಎರಡು ನಕಲುಗಳನ್ನು ಸರ್ ಮೇಜಿನ ಮೇಲಿಟ್ಟೆ. ಮುಚ್ಚಳ ಬಿತ್ತು. ಈ ಸಲ ಅದನ್ನು ಎತ್ತಿಕೊಟ್ಟವಳು ನಾನು.

"ಹೆಡ್ ಆಫೀಸ್‌ಗೆ ಏನಂತ ಹೇಳಲಿ?" ಅಂದರು ಕೊನೆಗೆ. ಆಮೇಲೆ ಅವರೇ ದಾರಿ ಕಂಡುಕೊಂಡರು. "ನೋಡಮ್ಮ, ಹಂಚಿದ್ದು ಅಟೆಂಡರ್. ಲಕೋಟೆ ಅದಲು ಬದಲು ಕೊಟ್ಟ ಅಂತ ಬರಿ. ಹೇಗೂ ಮುಂದಿನ ವರ್ಷ ರಿಟೈರ್ ಆಗ್ತಾನೆ. ನಿನ್ನ ಖಾಯಂ ಪತ್ರಕ್ಕೂ ಅಡ್ಡಿ ಬರಲ್ಲ."

ಪಾತ್ರೆ ಅಂಗಡಿ ಕಣ್ಣ ಮುಂದೆ ಬಂತು, ತಾತನೂ ಬಂದರು. ನಿಜ ಹೇಳಬೇಕೆಂದರೆ ಅಂಗಡಿಯೇ ಮೊದಲು ಬಂತು.

"ತಾತನಿಗೆ ಮುಖ ನೋಡಿ ಕೊಡೋಕೆ ಬಿಟ್ಟಿದ್ರೆ ಈ ತಪ್ಪೇ ಆಗ್ತಿರಲಿಲ್ಲ ಸರ್. ಬರೆದದ್ದು ನಾನು," ಅಂದೆ.

ಸರ್ ನಿಟ್ಟುಸಿರು ಬಿಟ್ಟರು. ಕೀಲಿ ಅಕ್ಕನಿಗೆ ಹೊಸ ಮೆಚ್ಚುಗೆ ಪತ್ರ. ನನಗೆ ಎಚ್ಚರಿಕೆ, ಪ್ರೊಬೇಷನ್ ಇನ್ನೂ ಮೂರು ತಿಂಗಳು, ಹೆಡ್ ಆಫೀಸ್‌ನ ಭಾಷಣ ರದ್ದು. ಆಕಳಿಕೆ ಅಣ್ಣನ ಪತ್ರ ವಾಪಸ್ ತರಬೇಕು ಅಂದರು. "ಅವರ ಹೆಂಡತಿ ಹತ್ರ ನೀವೇ ಕೇಳಿ ಸರ್," ಅಂದೆ. ಆ ವಿಚಾರ ಅಲ್ಲಿಗೆ ಕೈಬಿಟ್ಟರು.

ಬಾಗಿಲ ಹತ್ತಿರ ಬಂದವಳು ತಿರುಗಿ ಕೇಳಿದೆ, "ನನ್ನ ಎಚ್ಚರಿಕೆ ಪತ್ರ ಯಾರು ಬರೀತಾರೆ ಸರ್?"

"ಇನ್ಯಾರು? ಎಚ್‌ಆರ್."

ಮೇ 8, ಶುಕ್ರವಾರ

ನನಗೆ ನಾನೇ ಎಚ್ಚರಿಕೆ ಪತ್ರ ಬರೆದೆ. ಮೊದಲ ಕರಡು ತುಂಬ ಮೃದುವಾಯಿತು ಅಂತ ಸರ್ ವಾಪಸ್ ಕಳಿಸಿದರು. ಎರಡನೆಯದು ಎಷ್ಟು ಖಾರವಾಯಿತೆಂದರೆ ಅವರೇ "ಪಾಪ, ಎರಡು ಸಾಲು ತೆಗಿ" ಅಂದರು. ಮೇಲೆ ನನ್ನ ಪೂರ್ತಿ ಹೆಸರು ಬರೆದೆ, ಆಮೇಲೆ ಸಂಖ್ಯೆ. ಎರಡನ್ನೂ ಮೂರು ಸಲ ಓದಿದೆ. ತಾತ ಅದನ್ನು ನನ್ನ ಮೇಜಿನಿಂದ ತೆಗೆದುಕೊಂಡು, ಕೋಣೆಗೆ ಒಂದು ಸುತ್ತು ಹಾಕಿ, ನನ್ನ ಮುಖ ನೋಡಿ, ನನ್ನ ಕೈಗೇ ಕೊಟ್ಟು ಸಹಿ ತೆಗೆದುಕೊಂಡರು. ನನ್ನ ಕಡತಕ್ಕೆ ನಾನೇ ನಕಲು ಸೇರಿಸಿದೆ.

ಕೀಲಿ ಅಕ್ಕನ ಪತ್ರವನ್ನು ನಾನೇ ಕೊಂಡುಹೋದೆ. ಕೈ ಒರೆಸಿಕೊಂಡು ತೆಗೆದುಕೊಂಡರು. ತಮ್ಮ ಹೆಸರನ್ನು ಎರಡು ಸಲ ಓದಿದರು, ಎರಡೂ ಕೀಲಿ ಹಾಕಿ ನೋಡುವ ಹಾಗೆ.

"ಹಳೇದನ್ನ ವಾಪಸ್ ಕೊಡಿ ಅಕ್ಕ, ಹರಿದು ಹಾಕ್ತೀನಿ."

"ಕೊಡಲ್ಲ. ಹತ್ತೊಂಬತ್ತು ವರ್ಷಕ್ಕೆ ಎರಡು ಕಾಗದ ಬಂದಿದೆ. ಎರಡೂ ಇರಲಿ."

ಹೊರಗೆ ಆಕಳಿಕೆ ಅಣ್ಣ ಕಾಯುತ್ತಿದ್ದರು. ಸುದ್ದಿ ಮುಟ್ಟಿತ್ತು. "ಮೇಡಂ, ಅದು ನನಗೆ ಬರಬೇಕಾದ ಪತ್ರ. ಸುತ್ತಿ ಸುತ್ತಿ ನಿಮಗೆ ಬಂತು. ಇಟ್ಕೊಳ್ಳಿ, ನಾನೇನೂ ವಾಪಸ್ ಕೇಳಲ್ಲ," ಅಂದರು. ಹದಿನೈದು ದಿನದ ಮೇಲೆ ಇವತ್ತು ನಕ್ಕೆ.

ಮೇ 10, ಭಾನುವಾರ

ಮಾವ ಬೇಗನೇ ಬಂದರು. ಅಂಗಡಿಯ ಒಂದು ಬೀಗದ ಕೈ ಗೊಂಚಲನ್ನೂ ನನಗಾಗಿ ತಂದಿದ್ದರು. "ಪತ್ರ ಬಂತಾ?" ಅಂದರು.

"ಬಂತು," ಅಂತ ಕೊಟ್ಟೆ. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. "ತಮ್ಮ ಅಜಾಗರೂಕತೆಯಿಂದ" ಎಂಬಲ್ಲಿ ದನಿ ಏರಿತು. ಮುಂದೆ ಕೀಲಿ ಅಕ್ಕನ ವಿಷಯ ಬಂದಾಗ ನಿಧಾನವಾಯಿತು. ಯಾರದು ಅಂದರು, ಅವರು ಕೈ ಒರೆಸಿಕೊಂಡು ಲಕೋಟೆ ತೆಗೆದುಕೊಂಡದ್ದನ್ನೂ ಹೇಳಿದೆ. ಕೊನೆಯ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡರು.

ಅಮ್ಮ ಚಹಾ ಇಡುತ್ತ, "ಅಣ್ಣ, ಇನ್ನೂ ಮೂರು ತಿಂಗಳು ಟೈಮ್ ಕೊಟ್ಟಿದಾರಲ್ಲ. ನಾವೂ ಕೊಡೋಣ. ನಾನು ಮಾತು ಕೊಟ್ಟಿದ್ದು ಇವಳನ್ನ ಕೇಳದೇನೇ," ಅಂದಳು. ನಾನು ಅಮ್ಮನನ್ನೇ ನೋಡಿದೆ. ಅವಳು ನನ್ನ ಕಡೆ ತಿರುಗಲಿಲ್ಲ, ಸಕ್ಕರೆ ಕದಡುತ್ತಿದ್ದಳು.

ಮಾವ ಗೊಂಚಲನ್ನು ಜೇಬಿಗೆ ಹಾಕಿಕೊಂಡರು. ಪತ್ರವನ್ನು ಮಾತ್ರ ಕೆಳಗಿಡಲಿಲ್ಲ.

"ಆ ಹೆಂಗಸು ಕೈ ಒರೆಸಿಕೊಂಡು ತಗೊಂಡ್ಲು ಅಂದೆಯಲ್ಲ."

"ಹೂಂ ಮಾವ."

"ನಮ್ಮ ಮುದುಕನಿಗೂ ಒಂದು ಬರೆದುಕೊಡ್ತೀಯಾ? ದೊಡ್ಡದೇನಲ್ಲ, ನಾಲ್ಕು ಸಾಲು. ಇಪ್ಪತ್ತೆರಡು ವರ್ಷದಲ್ಲಿ ಒಂದು ತಟ್ಟೆ ಅತ್ತಿತ್ತ ಆಗಿಲ್ಲ ಅಂತ."

ತಕ್ಷಣ ಕಾಗದ, ಪೆನ್ನು ತಂದು ಕೂತೆ. ಮೇಲೆ ತಾರೀಖು ಬರೆದೆ. "ಹೆಸರು ಹೇಳಿ ಮಾವ, ಪೂರ್ತಿ ಹೆಸರು."

ಮಾವ ಬಾಯಿ ತೆರೆದರು, ಮುಚ್ಚಿದರು. ಅಮ್ಮನ ಕಡೆ ನೋಡಿದರು. ಗೋಡೆಯ ಕಡೆ ನೋಡಿದರು. ಅಮ್ಮ ಚಮಚ ನಿಲ್ಲಿಸಿದಳು. ನಾನು ಪೆನ್ನು ಹಿಡಿದು ಕಾಯುತ್ತಲೇ ಇದ್ದೆ.

"ಇರು," ಅಂದು ಎದ್ದರು. "ಅವನ ಮನೆ ಇಲ್ಲೇ ಹಿಂದಿನ ಬೀದೀಲಿರಬೇಕು. ಕೇಳ್ಕೊಂಡು ಬರ್ತೀನಿ."

ಚಹಾ ಕುಡಿಯದೆ ಚಪ್ಪಲಿ ಮೆಟ್ಟಿಕೊಂಡು ಹೊರಟರು.